ರೋಮ್ ಸಿಪಾಯಿಗಳ ಹಿತ್ತಾಳೆ ಟೊಪ್ಪಿಗೆ

ಕಂಚುಗಾರನ ಅಂಗಡಿಗೆ ಜನ ಬರುವುದು ಕೊಡಕ್ಕೆ, ಹಂಡೆಗೆ. ನನ್ನ ಅಂಗಡಿಗೆ ಮಾತ್ರ ಎಲ್ಲೂ ನಡೆಯದ ಸಂಗತಿಗಳು ದಾರಿ ಕೇಳಿಕೊಂಡು ಬರುತ್ತಿದ್ದವು. ನಿಜಾಮರ ಕಾಲದ ತಾಂಡೂರಿನಲ್ಲಿ ಹೀಗೊಮ್ಮೆ ರೋಮ್ ದೇಶವೇ ಬಂತು.

೧. ಒಂದೇ ಕಿವಿಯ ಸಿಪಾಯಿ

ಶಾಲೆಯ ಇತಿಹಾಸದ ಮಾಸ್ತರರು ದಪ್ಪ ಪುಸ್ತಕ ಹಿಡಿದುಕೊಂಡು ಬಂದರು. ಒಳಗೊಂದು ಚಿತ್ರ: ಲೋಹದ ಟೊಪ್ಪಿಗೆ ಹಾಕಿದ ಸಿಪಾಯಿ.

“ಇಂಥಾವು ಆರು ಬೇಕ್ರಿ. ಶಾಲಿ ವರ್ಷದ ಗ್ಯಾದರಿಂಗಿಗಿ ರೋಮ್ ನಾಟಕ ಮಾಡಾಕತ್ತೀವಿ. ಜಿಲ್ಲಾದ ತಾಲ್ಲೂಕದಾರ ಸಾಹೇಬರು ನೋಡಾಕ ಬರ್ತಾರ.”

ಹೆಡ್ ಮಾಸ್ತರರಿಗೆ ಪುರಾಣದ ನಾಟಕವೇ ಬೇಕಿತ್ತಂತೆ. ಇವರು ಹಟ ಹಿಡಿದಾಗ, “ಸಾಹೇಬರ ಮುಂದ ನಗೆಪಾಟಲಾದ್ರ ನಿಮ್ಮನ್ನ ನಾರಾಯಣಖೇಡಕ್ಕ ಕಳಸ್ತೀನಿ” ಎಂದುಬಿಟ್ಟಿದ್ದರು. ಮಾಸ್ತರರ ಹೆಂಡತಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಅತ್ತೆ ಇದೇ ಊರಲ್ಲಿದ್ದರು. ಈಗ ವರ್ಗವಾದರೆ ಆಕೆಯ ಗತಿ ಏನು ಎಂದು ಹೇಳುವಾಗ ಅವರ ದನಿ ಇಳಿಯಿತು. ನಾನು ಪುಸ್ತಕ ಕೈಗೆತ್ತಿಕೊಂಡೆ.

ಚಿತ್ರದಲ್ಲಿ ಸಿಪಾಯಿ ಪಕ್ಕಕ್ಕೆ ತಿರುಗಿದ್ದ, ಒಂದೇ ಕಿವಿ ಕಾಣುತ್ತಿತ್ತು. “ಆ ಕಡಿ ಹೆಂಗ ಅದರಿ?” ಎಂದೆ.

“ಪುಸ್ತಕದಾಗ ಇಷ್ಟೇ ಅದ.”

ನಾನು ಬಿಡುವವನಲ್ಲ, ಹಾಳೆ ತಿರುವಿ ನೋಡಿದೆ. ಸಿಪಾಯಿಯ ಆ ಕಡೆ ಒಂದು ಸೇತುವೆ ಇತ್ತು.

೨. ಎಷ್ಟು ಸೇರಿನ ತಲೆ

ಪಾತ್ರೆಯನ್ನು ಸೇರಿನ ಲೆಕ್ಕದಲ್ಲಿ ಗುರುತಿಡುವುದು ನಮ್ಮ ಕಸುಬಿನ ರೂಢಿ. ನಾಟಕದಲ್ಲಿ ಸಿಪಾಯಿಗಳಾಗಿದ್ದವರು ಊರಿನ ವ್ಯಾಪಾರಿಗಳು ಮತ್ತು ಶಾಲೆಯ ಬೇರೆ ಮಾಸ್ತರರು. ನಾಲ್ಕು ಜನರೆದುರು ತಲೆಗೆ ಸುತ್ತಿದ ರುಮಾಲು ತೆಗೆಯಿರಿ ಎಂದರೆ ಧೋತರ ಬಿಚ್ಚಿ ಎಂದಂತೆ. ಹಾಗಾಗಿ ರುಮಾಲಿನ ಮೇಲೆಯೇ ದಾರ ಸುತ್ತಿ ಅಳತೆ ತೆಗೆದೆ. ಟೊಪ್ಪಿಗೆಗಳು ತಯಾರಾದ ಮೇಲೆ ಜೋಳ ತುಂಬಿ ಅಳೆದು ಒಳಗೆ ಗುರುತು ಹಾಕಿದೆ. ಅರಿವೆ ಅಂಗಡಿಯ ಸೆಟ್ಟರದು ಐದು ಸೇರು. ನಾಟಕ ಬೇಡವೆನ್ನುತ್ತಲೇ ಸೇನಾಪತಿಯ ಪಾತ್ರ ಹಿಡಿದಿದ್ದ ಹೆಡ್ ಮಾಸ್ತರರದು ನಾಲ್ಕೂವರೆ.

ಸುದ್ದಿ ಪೇಟೆ ತುಂಬ ಹಬ್ಬಿತು. ಹೆಡ್ ಮಾಸ್ತರರು ನೇರ ಅಂಗಡಿಗೇ ಬಂದರು.

“ಓದಿದವ ನಾನು. ಸೆಟ್ಟರಿಗಿಂತ ನನ್ನ ತಲಿ ಹೆಂಗ ಕಡಿಮಿ ಆತು?”

“ತಲಿ ಕಡಿಮಿ ಇಲ್ಲರಿ ಸಾಹೇಬರ, ರುಮಾಲು ತೆಳ್ಳಗದ.”

ಮರುದಿನ ಅವರು ಎರಡು ರುಮಾಲು ಸುತ್ತಿಕೊಂಡು ಬಂದು, “ಈಗ ಅಳೀರಿ” ಎಂದು ಕುಳಿತರು.

೩. ತವರಿನ ಉಡುಗೊರೆ

ಆಗ ಮಹಾಯುದ್ಧದ ಕಾಲ, ಹೊಸ ಹಿತ್ತಾಳೆ ತಗಡು ಸಿಗುತ್ತಿರಲಿಲ್ಲ. ಮನೆಮನೆಯಿಂದ ತೂತುಬಿದ್ದ ಹಂಡೆ, ಕೊಡ ತಂದು, ಕಾಯಿಸಿ ಬಡಿದು ಮಾಡಿದ ಟೊಪ್ಪಿಗೆಗಳು ಅವು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಒಂದರ ಹಣೆಯ ಮೇಲೆ ಚುಕ್ಕಿ ಅಕ್ಷರಗಳು ಎದ್ದು ಕಂಡವು: “ಜಹೀರಾಬಾದ್ ತವರಿನ ಉಡುಗೊರೆ.”

ಮಾಸ್ತರರು ತಲೆ ಮೇಲೆ ಕೈ ಹೊತ್ತು ಕೂತರು. “ರೋಮ್ ಸಿಪಾಯಿಗಿ ಜಹೀರಾಬಾದ್ ತವರೇನ್ರಿ?”

ಆಮೇಲೆ ಏನೋ ನೆನಪಾಗಿ ಪುಸ್ತಕ ಬಿಚ್ಚಿದರು. ಆ ಸಿಪಾಯಿಗಳೂ ಟೊಪ್ಪಿಗೆಯ ಮೇಲೆ ಹೀಗೇ ಚುಕ್ಕಿ ಹೊಡೆದು ಹೆಸರು ಹಾಕಿಸುತ್ತಿದ್ದರಂತೆ! ಸಮುದ್ರದಾಚೆ ಎಂದೋ ಒಬ್ಬ ನನ್ನಂಥವನೇ ಉಳಿ ಹಿಡಿದು ಕೂತಿದ್ದ ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಯಾಕೆ ಹಾಕಿಸುತ್ತಿದ್ದರೋ ಎಂದು ಮನೆಯಲ್ಲಿ ಕೇಳಿದೆ. ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಯಾಕಂದ್ರ? ಅವರೂ ಲಗ್ನದ ಮನಿಗಿ ಭಾಂಡೆ ಕೊಟ್ಟು ಕಳಕೊಂಡಿರಬೇಕು.”

೪. ಸಾಹೇಬರ ಕುತೂಹಲ

ಶಾಲೆಯ ಅಂಗಳದಲ್ಲಿ ಹಗಲು ಹೊತ್ತೇ ನಾಟಕ. ರುಮಾಲಿನ ಮೇಲೆ ಟೊಪ್ಪಿಗೆ ಬಿಗಿಯಾಗಿ ಕೂತು, ಯುದ್ಧ ಚೆನ್ನಾಗಿಯೇ ನಡೆಯಿತು. ಮಾಸ್ತರರು ಉಸಿರು ಬಿಟ್ಟರು.

ಅಷ್ಟರಲ್ಲಿ ತಾಲ್ಲೂಕದಾರ ಸಾಹೇಬರು ಎದ್ದು ಬಂದು, ಸೆಟ್ಟರ ಟೊಪ್ಪಿಗೆ ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಎತ್ತರದ ಕೆಂಪು ಟೋಪಿಯ ಮೇಲೆಯೇ ಹಾಕಿ ಒತ್ತಿದರು. ಒತ್ತಿದ್ದು ಕೂತಿತು. ಆಮೇಲೆ ಬರಲಿಲ್ಲ. ಜಗ್ಗಿದರೆ ಟೋಪಿಯೂ ಕೂಡಿಯೇ ಬರುತ್ತಿತ್ತು. ಅಧಿಕಾರಿ ಊರ ಮುಂದೆ ಬರಿದಲೆಯಲ್ಲಿ ನಿಲ್ಲುವುದುಂಟೆ? ನಗು ತಡೆದು ಕೆಲವರ ಕಣ್ಣಲ್ಲಿ ನೀರು ಬಂದಿತ್ತು. ಮಾಸ್ತರರು ಆಗಲೇ ನಾರಾಯಣಖೇಡದ ದಾರಿ ನೋಡುತ್ತಿರುವವರಂತೆ ನಿಂತಿದ್ದರು.

ಮಾಸ್ತರರಿಗೆ ಏನು ಹೊಳೆಯಿತೋ, ಡ್ರಿಲ್ ಹೇಳುವ ದನಿಯಲ್ಲಿ ಕೂಗಿದರು: “ಎಲ್ಲಾರೂ ಎದ್ದು ಹಿಂದಕ್ಕ ತಿರುಗ್ರಿ!”

ಇಡೀ ಊರು ಗೋಡೆಯ ಕಡೆ ತಿರುಗಿತು. ಜವಾನರು, ಪೊಲೀಸರು, ಹೆಡ್ ಮಾಸ್ತರರು ಸಹ. ನಾನು ಅಂಚಿಗೆ ಎಣ್ಣೆ ಬಿಟ್ಟು ಜಗ್ಗಿದೆ. ಟೋಪಿ ಸಮೇತ ಟೊಪ್ಪಿಗೆ ಕೈಗೆ ಬಂತು. ಕೆಳಗಿದ್ದ ತಲೆ ನಾನು ತಿಕ್ಕಿದ ಹಿತ್ತಾಳೆಗಿಂತ ಹೊಳೆಯುತ್ತಿತ್ತು.

ಸಾಹೇಬರಿಗೆ ನಮ್ಮ ಮಾತು ಬರುತ್ತಿತ್ತು. “ಏನ್ ನೋಡಿದಿ?” ಎಂದರು.

ಅವರ ಮುಖ ನೋಡುತ್ತಲೇ ಹೇಳಿದೆ: “ಹುಜೂರ್, ನಾನೂ ಹಿಂದಕ್ಕ ತಿರುಗೀನ್ರಿ.”

ಸಾಹೇಬರ ಮೀಸೆ ಅಲುಗಿತು. ಟೋಪಿ ಬಿಡಿಸಿ ಹಾಕಿಕೊಂಡು ಹೆಡ್ ಮಾಸ್ತರರ ಬೆನ್ನಿಗೆ ಹೇಳಿದರು: “ಈ ಮಾಸ್ತರನ್ನ ಎಲ್ಲಿಗೂ ಕಳಸಬ್ಯಾಡ್ರಿ. ಒಂದ್ ಮಾತಿಗಿ ಇಡೀ ಊರು ತಿರುಗತದ.”

ಸಾಹೇಬರ ಮೋಟಾರು ಹೋಯಿತು. ಮಾಸ್ತರರು ಹೆಂಡತಿಗೆ ಸುದ್ದಿ ಹೇಳಲು ಮನೆಗೆ ಓಡಿದರು. ಈ ಕಡೆ ತಿರುಗಿ ಎಂದು ಯಾರೂ ಹೇಳದೆ ಊರು ಇನ್ನೂ ಗೋಡೆ ನೋಡುತ್ತ ನಿಂತಿತ್ತು.