ಗಜಕೇಸರಿಯ ವೇಗಪ್ರಾಪ್ತಿ

“ಸರ, ಓ-ಟೂ ಹಾಕಿ ಮುಗಸ್ರಿ. ಚಹಾ ಆರಿ ನೀರಾಗಾಕತ್ತೈತಿ.”

ಹೀಗೆಂದು ನುಡಿದವಳು ರಾಣೆಬೆನ್ನೂರಿನ ಪಾಲಿಟೆಕ್ನಿಕ್ಕೊಂದರ ಲ್ಯಾಬಿನ ಬೀಗದ ಕೈ ಕಾಯುವ ಕಸ್ತೂರಿಬಾಯಿ. ಕೇಳಿಯೂ ಕೇಳದಂತೆ ಲ್ಯಾಬಿನೊಳಗೆ ಕುಳಿತಿದ್ದವನಾದರೋ, ಕಲಿಯುಗದ ಏಪ್ರಿಲ್ ಮಾಸದಲ್ಲಿ, ಸೂರ್ಯನು ತಗಡಿನ ಮಾಡುಗಳ ಮೇಲೆ ತನ್ನ ಸಹಸ್ರ ಕರಗಳನ್ನೂ ಊರಿ ನಿಂತಿದ್ದ ಆ ಶನಿವಾರದ ಪೂರ್ವಾಹ್ನದಲ್ಲಿ, ಕೀಲಿಮಣೆಕುಟ್ಟನಪ್ರಚಂಡನೂ, ಸ್ವಾಧ್ಯಾಯಮಾತ್ರಸಂಪಾದಿತಸಕಲಗಣಕವಿದ್ಯನೂ, ‘ಗಜಕೇಸರಿ’ ಎಂಬ ಚದುರಂಗದ ಪ್ರೋಗ್ರಾಮಿನ ಜನಕನೂ ಆದ ಲೆಕ್ಚರರ್ ರೇವಣಸಿದ್ದಪ್ಪ ಹಲಗೇರಿ! ಎಲೌ ವಾಗ್ದೇವಿ, ಈತನ ಕಥೆ ಹೇಳುವ ಬಾಯಿಗೆ ಉಸಿರು ಕೊಡು. ಸಮಾಸಗಳು ಉದ್ದ ಇವೆ.

ಸಮರಕ್ಕೆ ಕಾರಣವಿತ್ತು. ಸ್ಟಾಫ್ ರೂಮಿನಲ್ಲಿ ಫ್ಯಾನು ಒಂದೇ. ಅದರ ನೇರ ಕೆಳಗಿನ ಕುರ್ಚಿಯೂ ಒಂದೇ. ಆ ಸಮೀರಸಿಂಹಾಸನವನ್ನು ಆರು ಬೇಸಿಗೆಗಳಿಂದ ಏರಿ ಕುಳಿತವನು ಗಣಿತದ ಗುತ್ತಲ ಮಾಸ್ತರ. ಅವನೂ ಒಂದು ಚದುರಂಗದ ಪ್ರೋಗ್ರಾಮು ಬರೆದಿದ್ದ. ಎರಡೂ ಎದುರುಬದುರು ಆಡಬೇಕು, ಗೆದ್ದದ್ದರ ಒಡೆಯನಿಗೆ ಮಳೆಗಾಲದ ತನಕ ಕುರ್ಚಿ ಎಂದು ಮಾತಾಗಿತ್ತು. ಕಳೆದ ಶನಿವಾರ ಗಜಕೇಸರಿಯು ಮಂತ್ರಿಯನ್ನೇ ಹೊಡೆದು ಮೇಲುಗೈ ಸಾಧಿಸಿದ್ದರೂ, ಯೋಚಿಸುತ್ತ ಯೋಚಿಸುತ್ತ ತನ್ನ ವೇಳೆಯನ್ನೆಲ್ಲ ಕಳೆದುಕೊಂಡು ಸೋತಿತು. ಇವತ್ತು ಹನ್ನೆರಡಕ್ಕೆ ಮರುಪಂದ್ಯ. ಇನ್ನೊಂದು ಸಲ ಕೇಳುವ ಮುಖ ಹಲಗೇರಿಗೆ ಉಳಿದಿರಲಿಲ್ಲ.

ಬೇಕಾದದ್ದು ವೇಗ. ಅದನ್ನು ಕೊಡುವವನು ಕಂಪೈಲರ್, ಅಂದರೆ ಮನುಷ್ಯ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಇಳಿಸಿಕೊಡುವ ದುಭಾಷಿ. ಎಷ್ಟು ಚುರುಕಾಗಿ ಓಡುವಂತೆ ಇಳಿಸಬೇಕೆಂದು ಅವನಿಗೆ ಮೊದಲೇ ಅಪ್ಪಣೆ ಕೊಡಬೇಕು. ಓ-ಒನ್, ಓ-ಟೂ, ಓ-ತ್ರೀ: ಉತ್ತರೋತ್ತರ ಉಗ್ರವಾದ ಅಪ್ಪಣೆಗಳು.

“ಓ-ಟೂ ಅಂಜುಬುರುಕರ ಅಸ್ತ್ರ, ಬಾಯಾರ!” ಎಂದು ಗರ್ಜಿಸಿದ ಹಲಗೇರಿ. “ಈ ಕೈಗಳು ಇಂದು ಓ-ತ್ರೀ ಎಂಬ ಬ್ರಹ್ಮಾಸ್ತ್ರವನ್ನು ಹೂಡದೆ ಹೋದರೆ, ಗುತ್ತಲನ ಗಡಿಯಾರವನ್ನು ಗಡಗಡ ನಡುಗಿಸದೆ ಹೋದರೆ, ನಾನು ಕಿಟಕಿ ಪಕ್ಕದ ಕಾದ ಕುರ್ಚಿಯ ಮೇಲೇ ಕುಳಿತು ಬೇಯುವಂತಾಗಲಿ!”

“ದಿನಾಲೂ ಅಲ್ಲೇ ಬೇಯಾಕತ್ತೀರಲ್ರಿ,” ಎಂದಳು ಕಸ್ತೂರಿಬಾಯಿ.

ಹೂಡಿದನು. ಕಂಪ್ಯೂಟರು ಹೂಂಕರಿಸಿತು, ಟೇಬಲ್ಲು ನಡುಗಿತು, ಚಹಾದ ಮೇಲೆ ಕೆನೆ ಕಟ್ಟಿತು. ಡೆಸ್ಕ್‌ಟಾಪಿನ ಮೇಲಿದ್ದ ಆನೆಯ ಚಿತ್ರವನ್ನು ಒತ್ತಿ ಗಜಕೇಸರಿಯನ್ನು ಓಡಿಸಿದರೆ ಸೆಕೆಂಡಿಗೆ ನಾಲ್ಕು ಲಕ್ಷ ನಡೆ ಎಣಿಸಿತು. ಓ-ಟೂ ಹಾಕಿದ; ನಾಲ್ಕು ಲಕ್ಷ. ಓ-ಫಾಸ್ಟ್ ಎಂಬ ಪ್ರಳಯಾಸ್ತ್ರವನ್ನೇ ಹಾಕಿದ, ನಾಲ್ಕು ಲಕ್ಷ. ಕಡೆಗೆ ಯಾವ ಅಪ್ಪಣೆಯನ್ನೂ ಕೊಡದೆ ಸುಮ್ಮನೆ ಇಳಿಸಿದ. ಆಗಲೂ ನಾಲ್ಕು ಲಕ್ಷ. ವೀರನ ಹಣೆಯ ಬೆವರು ಮೂಗಿನ ತುದಿಗೆ ಬಂದು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

“ಏನ್ ಹಾಕಿದ್ರೂ ಅಷ್ಟ ಬರತೈತಿ ಅಂದ್ರ, ನೀವು ಓಡಸೂದು ಯಾವುದ್ರೀ ಸರ?”

“ಇದ, ಈ ಆನಿ.”

“ಅದು ಆಯುಧಪೂಜಿ ದಿನ ನೀವು ಕುಂಕುಮ ಹಚ್ಚಿದ್ದಲ್ರಿ?”

ಅಂದು ಲ್ಯಾಬಿನ ಸಕಲ ಯಂತ್ರಗಳಿಗೂ ನಿಂಬೆಹಣ್ಣು ಇಡುವ ಹೊತ್ತಿನಲ್ಲಿ, ಅಂದಿನ ಗಜಕೇಸರಿಯನ್ನು ‘ಪೂಜೆ’ ಎಂಬ ಫೋಲ್ಡರಿನಲ್ಲಿ ಪ್ರತಿಷ್ಠಾಪಿಸಿ, ಪರದೆಗೆ ಕುಂಕುಮವಿಟ್ಟು, ಪೂಜೆಯಾದದ್ದನ್ನು ಕದಲಿಸಬಾರದೆಂದು ಆನೆಯ ಚಿತ್ರವನ್ನು ಅದಕ್ಕೇ ಕಟ್ಟಿಹಾಕಿದ್ದ. ಆಮೇಲೆ ಹುಟ್ಟಿದ ಗಜಕೇಸರಿಗಳೆಲ್ಲ ಪಕ್ಕದ ಫೋಲ್ಡರಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದವು. ಯುದ್ಧಕ್ಕೆ ಹೋಗಿ ಸೋತು ಬಂದದ್ದು ಆ ಕುಂಕುಮಾಂಕಿತ ಹಳೆಯದೇ.

“ತಗದ ಹಾಕ್ರಿ ಅದನ್ನ.”

“ಪೂಜಿ ಆದದ್ದು, ಬಾಯಾರ.”

“ಹಂಗಾದ್ರ ಇರ್ಲಿ. ಹೊಸಾದಕ್ಕೊಂದು ಬ್ಯಾರೆ ಆನಿ ಮಾಡ್ರಿ.”

ಎರಡನೆಯ ಆನೆ ಅವತರಿಸಿತು. ಓ-ಟೂ: ಹನ್ನೊಂದು ಲಕ್ಷ. ಓ-ತ್ರೀ: ಹನ್ನೊಂದು ಲಕ್ಷ. ಹಲಗೇರಿ ಎರಡೂ ಅಂಕಿಗಳನ್ನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಮಾಡಿದ ಪ್ರತಿಜ್ಞೆ ನೆನಪಾಗಿ, ಓ-ತ್ರೀಯನ್ನೇ ಉಳಿಸಿದ. ಕಸ್ತೂರಿಬಾಯಿ ನೋಡಿಯೂ ನೋಡದಂತೆ ಬೀಗ ಹುಡುಕಿದಳು.

ಸ್ಟಾಫ್ ರೂಮಿನ ಮರುಪಂದ್ಯದ ನಲವತ್ತೊಂದನೆಯ ನಡೆಯಲ್ಲಿ ಗುತ್ತಲ ಮಾಸ್ತರನ ರಾಜನು ಮೂಲೆಯಲ್ಲಿ ಸಿಕ್ಕಿಬಿದ್ದ. ಮಾಸ್ತರನು ಎದ್ದು, ಸಿಂಹಾಸನವನ್ನು ಕರವಸ್ತ್ರದಿಂದ ಒರೆಸಿಕೊಟ್ಟು, ಕಿಟಕಿಯ ಪಕ್ಕಕ್ಕೆ ಹೋಗಿ ಕುಳಿತ. ರಿಪುಗಡಿಯಾರಭಂಜನನಾದ ಹಲಗೇರಿಯು ಆರೋಹಣ ಮಾಡಿ, ಗೋಡೆಗೆ ಕೈ ಚಾಚಿ, ಫ್ಯಾನಿನ ರೆಗ್ಯುಲೇಟರನ್ನು ಎರಡರಿಂದ ಮೂರಕ್ಕೆ ತಿರುಗಿಸಿದ.

“ಎರಡಕ್ಕೂ ಮೂರಕ್ಕೂ ಗಾಳಿ ಅಷ್ಟರೀ ಸರ,” ಎಂದ ಗುತ್ತಲ ಮಾಸ್ತರ. “ಆರು ವರ್ಷ ನಾನೂ ತಿರುಗಿಸೀನಿ.”

“ಇರ್ಲಿ. ಮೂರಕ್ಕ ಇರ್ಲಿ.”

ಕಸ್ತೂರಿಬಾಯಿ ಬೆಳಗಿನ ಚಹಾವನ್ನು ತಂದು ಅವನ ಮುಂದೆ ಇಟ್ಟಳು. ಮೂರರ ಗಾಳಿಗೂ ಅದರ ಮೇಲಿನ ಕೆನೆ ಅಲುಗಲಿಲ್ಲ.