ಮೇಸ್ತ್ರಿ ಆಕಳಿಸಿದ್ದು

ಪುರೋಹಿತ ಪ್ರಸಾದ ಭಟ್ಟರು ಜಗಲಿಯ ಮೆಟ್ಟಿಲಿಗೆ ಕಾಲಿಟ್ಟಾಗ ಮೇಸ್ತ್ರಿ ಬಾಯಿ ತುಂಬ ಆಕಳಿಸಿತು. ಆದ ತಪ್ಪು ಅಷ್ಟೇ. ಬೊಗಳಿದ್ದರೆ ಭಟ್ಟರು ಕ್ಷಮಿಸುತ್ತಿದ್ದರೇನೋ, ನಾಯಿ ಬೊಗಳುವುದು ಸಹಜ. ಮಂತ್ರ ಶುರುವಾಗುವ ಮೊದಲೇ ಆಕಳಿಸಿದರೆ ಯಾವ ಪುರೋಹಿತರಿಗೆ ಸಹ್ಯವಾದೀತು?

"ರಾಯರೇ, ಶ್ರಾದ್ಧದ ಮನೆಯಲ್ಲಿ ಇದೆಂತದು? ಪಿಂಡದ ಮೇಲೆ ನಾಯಿ ಕಣ್ಣು ಬೀಳಬಾರದು ಅಂತ ನಿಮಗೂ ನಾನು ಹೇಳಬೇಕಾ?" ಎಂದರು.

ಅಂದು ದಾಮೋದರ ರಾಯರ ಹೆಂಡತಿ ಭಾಗೀರಥಮ್ಮನ ಮೊದಲ ವರ್ಷದ ಶ್ರಾದ್ಧ. ಮಕ್ಕಳಿಲ್ಲದ ಕಾರಣ ಕರ್ಮ ಮಾಡಬೇಕಾದವರು ರಾಯರೇ. ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು, ಕೆಲಸ ಮುಗಿದ ಮೇಲೆ ಕಳಸದ ಪೇಟೆಯ ಹಿಂದಿನ ಬೀದಿಯಲ್ಲಿ ಚಿಕ್ಕ ಮನೆ ಮಾಡಿಕೊಂಡವರು. ನಾಯಿಯನ್ನು ಮರಿಯಾಗಿದ್ದಾಗ ಸೆರಗಿನಲ್ಲಿ ಸುತ್ತಿಕೊಂಡು ತಂದವರು ಭಾಗೀರಥಮ್ಮ. ಮನೆಯಲ್ಲಿ ರೈಟರು ಇದ್ದಾರೆ, ಮೇಸ್ತ್ರಿಯೊಬ್ಬ ಇಲ್ಲದಿದ್ದರೆ ಕೆಲಸ ಸಾಗುವುದು ಹೇಗೆ ಎಂದು ಹೆಸರಿಟ್ಟವರೂ ಅವರೇ. ಹೆಸರಿಗೆ ತಕ್ಕ ಹಾಗೆ ಅದು ತಾನು ಯಾವ ಕೆಲಸವನ್ನೂ ಮಾಡದೆ ಎಲ್ಲರ ಕೆಲಸವನ್ನೂ ನಿಂತು ನೋಡುತ್ತಿತ್ತು.

ಅವರು ಹೋದ ಮೇಲೆ ರಾಯರನ್ನು ಬೆಳಿಗ್ಗೆ ಎಬ್ಬಿಸುವ ಕೆಲಸ ಮೇಸ್ತ್ರಿಗೆ ಬಂತು. ಅಂಗಾಲು ನೆಕ್ಕಿ ಎಬ್ಬಿಸುತ್ತಿತ್ತು. ಸಹಸ್ರನಾಮ ಹೇಳುವಾಗ ಎದುರು ಕೂತು ಕೇಳುತ್ತಿತ್ತು, ರಾಯರು ನಡುವೆ ಒಂದೆರಡು ಸಾಲು ಬಿಟ್ಟರೂ ಯಾರಿಗೂ ಹೇಳುತ್ತಿರಲಿಲ್ಲ. ಅನ್ನ ಬಿಟ್ಟು ಏಳಲು ಹೊರಟರೆ ಬಾಗಿಲಿಗೆ ಅಡ್ಡ ಮಲಗುತ್ತಿತ್ತು. ಇದೆಲ್ಲ ಯಾರು ಹೇಳಿಕೊಟ್ಟದ್ದು ಎಂದು ರಾಯರು ಯೋಚಿಸುತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಆದ್ದರಿಂದ ಭಟ್ಟರ ಮಾತಿಗೆ ರಾಯರು ಜಗಲಿಯ ಕಂಬ ಹಿಡಿದು ನಿಂತರು. ಹೊರನಾಡಿನಿಂದ ಬಂದಿದ್ದ ಅಕ್ಕ ಸರಸ್ವತಮ್ಮ, ಒಂದು ದಿವಸದ ಮಟ್ಟಿಗೆ ನಾಯಿಯನ್ನು ಎಲ್ಲಾದರೂ ಕಳಿಸು ಎಂದು ಬುದ್ಧಿ ಹೇಳಿದರು. ಪಕ್ಕದ ಮನೆಯ ಯಶವಂತನಿಗೆ ಈ ಕರ್ಮದಲ್ಲಿ ಯಾವ ಪಾತ್ರವೂ ಇರಲಿಲ್ಲ. ಆದರೂ ಬೇಲಿ ದಾಟಿ ಬಂದು, ಕಾಗೆ ಬರಬೇಕಾದ ಜಾಗದಲ್ಲಿ ನಾಯಿ ಇದ್ದರೆ ಹೇಗೆ ಬಂದೀತು ಎಂದು ಕೇಳಿದ. ಹಿತ್ತಿಲಲ್ಲಿ ಇಟ್ಟ ಪಿಂಡವನ್ನು ಕಾಗೆ ಮುಟ್ಟಿದ ಮೇಲೆಯೇ ಒಳಗೆ ಎಲೆ ಹಾಕುವುದು ಆ ಮನೆತನದ ಪದ್ಧತಿ.

"ವರ್ಷವಿಡೀ ನನ್ನ ಜೊತೆ ಊಟಕ್ಕೆ ಕೂತದ್ದು ಅದು. ನೀವು ಯಾರೂ ಅಲ್ಲ," ಎಂದರು ರಾಯರು. "ಅವಳ ಊಟದ ದಿವಸ ಅವಳ ನಾಯಿಗೇ ಬಾಗಿಲು ಹಾಕ್ಲಿಕ್ಕೆ ನನ್ನಿಂದಾಗುದಿಲ್ಲ. ಅದು ಹೋದ್ರೆ ನಾನೂ ಹೋಗ್ತೇನೆ, ಶ್ರಾದ್ಧ ನೀವೇ ಮಾಡಿಕೊಳ್ಳಿ."

ಎಲ್ಲರೂ ಸುಮ್ಮನಾದರು. ಅಕ್ಕ ಇಷ್ಟು ಬೇಗ ಸುಮ್ಮನಾದದ್ದು ಹುಟ್ಟಿದ ಮೇಲೆ ಇದೇ ಮೊದಲು ಎಂಬುದು ರಾಯರಿಗೆ ಆಗ ಹೊಳೆಯಬೇಕಿತ್ತು.

ಬೆರಳಿಗೆ ದರ್ಭೆಯ ಪವಿತ್ರ ಏರಿ, ಸಂಕಲ್ಪವಾಗಿ, ರಾಯರು ಮಣೆ ಬಿಟ್ಟು ಏಳದ ಹಾಗೆ ಆಯಿತು. ಅದೇ ಗಳಿಗೆಗೆ ಹೊರಗೆ ತಯ್ಯಬ್‌ನ ಜೀಪಿನ ಸದ್ದು ಕೇಳಿಸಿತು. ತಯ್ಯಬ್ ಬಾಳೂರಿನ ಕಡೆ ಆಳುಗಳನ್ನು ಸಾಗಿಸುವವನು. ಮೇಸ್ತ್ರಿಗೆ ಪ್ರಪಂಚದಲ್ಲಿ ಒಂದೇ ಚಪಲ, ಜೀಪಿನ ಮುಂದಿನ ಸೀಟು. ಯಶವಂತ ಬಾಗಿಲು ತೆಗೆದು ಹಿಡಿದದ್ದೇ ತಡ, ಮದುವೆ ದಿಬ್ಬಣಕ್ಕೆ ಹೊರಟ ಮಾವನ ಹಾಗೆ ಅದು ಹತ್ತಿ ಕೂತಿತು.

"ತಯ್ಯಬ್, ನಿಲ್ಸು ಮಾರಾಯ," ಎಂದರು ರಾಯರು, ಅಂಗೈಯಲ್ಲಿ ಎಳ್ಳುನೀರು ಹಿಡಿದು.

"ಅದು ಮಂತ್ರದಲ್ಲಿ ಇಲ್ಲ," ಎಂದು ಭಟ್ಟರು ಮಂತ್ರದ ದನಿ ಏರಿಸಿದರು. ಜೀಪು ತಿರುವು ದಾಟುವ ತನಕ ಇಳಿಸಲಿಲ್ಲ.

ಮುಂದಿನದೆಲ್ಲ ಕ್ರಮವಾಗಿ ನಡೆಯಿತು. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಲೆ ಹಾಸಿ ಪಿಂಡ, ವಡೆ, ಎಳ್ಳುಂಡೆ ಇಟ್ಟು ಎಲ್ಲರೂ ಕೈಮುಗಿದು ನಿಂತರು. ಹಲಸಿನ ಮರದ ತುದಿಯಲ್ಲಿ ಕಾಗೆ ಇತ್ತು. ಅದು ರೆಕ್ಕೆ ಬಿಚ್ಚುವಷ್ಟರಲ್ಲಿ ಬೇಲಿಯ ಆಚೆಯಿಂದ ಮಂಗಗಳು ಬಂದವು.

ಒಂದಲ್ಲ, ಹಿಂಡು. ಹೊಟ್ಟೆಗೆ ಮರಿ ಅಂಟಿಸಿಕೊಂಡ ಹೆಣ್ಣೊಂದು ಎಳ್ಳುಂಡೆ ಎತ್ತಿ, ರುಚಿ ನೋಡಿ, ಬೆಲ್ಲ ಸಾಲದು ಎಂಬಂತೆ ಸರಸ್ವತಮ್ಮನ ಮುಖ ನೋಡಿತು. ಗಡವ ಮಂಗವೊಂದು ಅಡುಗೆಮನೆಯ ಕಿಟಕಿಯಲ್ಲಿ ಕೈ ಹಾಕಿ ವಡೆಗಳ ಬುಟ್ಟಿಯನ್ನೇ ಎಳೆಯಿತು. ಯಶವಂತ ಕೋಲು ಹಿಡಿದು ಹೋದರೆ ಅವನ ಕೋಲನ್ನೂ ಕಸಿದುಕೊಂಡಿತು. ಭಟ್ಟರು ಮತ್ತೊಂದು ಎಲೆ ಇಟ್ಟರು. ಅದೂ ಹೋಯಿತು. ಕಾಗೆ ಮರದ ತುದಿ ಬಿಟ್ಟು ಕದಲಲಿಲ್ಲ.

ಹೊತ್ತು ನೆತ್ತಿ ದಾಟಿತು. ಒಳಗೆ ಪಾಯಸ ಆರುತ್ತಿತ್ತು, ಹೊರಗೆ ಹೊಟ್ಟೆಗಳು ಕಾಯುತ್ತಿದ್ದವು. ಹೋದವರ ಆಸೆ ಏನೋ ಉಳಿದಿದ್ದರೆ ಕಾಗೆ ಇಳಿಯುವುದಿಲ್ಲ, ತಪ್ಪಿದ್ದರೆ ಒಪ್ಪಿಕೊಳ್ಳಿ ಎಂದರು ಭಟ್ಟರು. ಸರಸ್ವತಮ್ಮ ಬಹಳ ಹೊತ್ತು ನೆಲ ನೋಡಿ, ಆಮೇಲೆ ಮರ ನೋಡಿದರು.

"ಭಾಗೀರಥೀ, ನಿನ್ನ ರೇಷ್ಮೆ ಪಟ್ಟೆ ಸೀರೆ ನಾನು ಒಯ್ದದ್ದು ಹೌದು. ಮಡಿಕೆ ಮುರಿಯಲಿಲ್ಲ. ನಾಳೆಯೇ ಕಳಿಸ್ತೇನೆ, ಇಳಿ ಮಾರಾಯ್ತಿ."

ಕಾಗೆ ಕತ್ತು ಮಾತ್ರ ಓರೆ ಮಾಡಿತು. ಈಗ ಎಲ್ಲರೂ ಯಶವಂತನ ಕಡೆ ತಿರುಗಿದರು.

"ಬೇಲಿ ಮೇಲಿನ ಕಾಳುಮೆಣಸು ಕೊಯ್ದದ್ದು ನಾನು," ಎಂದ ಆತ ಕಾಲ ಹೆಬ್ಬೆರಳನ್ನು ನೋಡುತ್ತ. "ಮಂಗ ಅಲ್ಲ."

ಅದಕ್ಕೂ ಕಾಗೆ ಇಳಿಯಲಿಲ್ಲ. ಮಂಗಗಳು ಮಾತ್ರ ಒಂದು ಕ್ಷಣ ತಿನ್ನುವುದನ್ನು ನಿಲ್ಲಿಸಿದ ಹಾಗೆ ಕಂಡಿತು. ಕೊನೆಗೆ ಭಟ್ಟರು ಸೋತು, ಪಿಂಡವನ್ನು ಭದ್ರಾ ಹೊಳೆಗೆ ಬಿಟ್ಟು ಎಲೆ ಹಾಕೋಣ, ಶಾಸ್ತ್ರದಲ್ಲಿ ಅದಕ್ಕೂ ದಾರಿ ಇದೆ ಎಂದರು.

ರಾಯರು ಕಲ್ಲಿನ ಮುಂದೆ ಕೈ ಕಟ್ಟಿ ನಿಂತರು.

"ಇಲ್ಲ. ಅವಳಿಗೆ ಎಂತ ಬೇಕು ಅಂತ ನನಗೆ ಗೊತ್ತುಂಟು. ದಿನಾ ಈ ಕಲ್ಲಿನ ಮೇಲೆ ಕಾಗೆಗೆ ಅನ್ನ ಇಡ್ತಿದ್ಲು, ಕೆಳಗೆ ಮೇಸ್ತ್ರಿ ಇರ್ತಿತ್ತು. ನಾಯಿ ತನ್ನಿ. ತಾರದೆ ಈ ಮನೆಯಲ್ಲಿ ಇವತ್ತು ಯಾರೂ ಊಟ ಮಾಡುದಿಲ್ಲ, ನಾಳೆಯೂ ಇಲ್ಲ."

ಭಟ್ಟರು ಶಾಸ್ತ್ರದ ಕಡೆ ನೋಡಿದರು, ಪಾಯಸದ ಕಡೆಯೂ ನೋಡಿದರು. ಆಮೇಲೆ ತಾವೇ ತಯ್ಯಬ್‌ಗೆ ಫೋನ್ ಮಾಡಿದರು.

ತಯ್ಯಬ್ ಬಂದಾಗ ಅವನೂ ಸುಸ್ತಾಗಿದ್ದ. ನಾಯಿಯನ್ನು ಇಳಿಸಲು ಬಾಳೂರಿನಲ್ಲಿ ಎಷ್ಟು ಕೇಳಿಕೊಂಡರೂ ಸೀಟು ಬಿಟ್ಟಿರಲಿಲ್ಲವಂತೆ. ಅದರಿಂದ ಆಳುಗಳೆಲ್ಲ ಹಿಂದೆ ಕೂತು, ಇದು ಯಾರೋ ಹೊಸ ಧಣಿ ಎಂದು ತಮಾಷೆ ಮಾಡಿದರಂತೆ. ಈಗ ಹಿತ್ತಿಲಿನ ಸದ್ದು ಕಿವಿಗೆ ಬಿದ್ದದ್ದೇ ಮೇಸ್ತ್ರಿ ಕಿಟಕಿಯಿಂದಲೇ ಹಾರಿತು. ಬೊಗಳಿದ್ದು ಒಂದೇ ಸಲ. ಮಂಗಗಳು ಬುಟ್ಟಿ ಬಿಟ್ಟು, ಕೋಲು ಬಿಟ್ಟು, ಬೇಲಿ ಹಾರಿ ಕಾಫಿ ತೋಟಕ್ಕೆ ಬಿದ್ದವು.

ಭಟ್ಟರು ಹೆದರುತ್ತಲೇ ಮೂರನೆಯ ಎಲೆ ಇಟ್ಟರು. ಮೇಸ್ತ್ರಿ ಅದನ್ನು ಮೂಸಲಿಲ್ಲ. ಕಲ್ಲಿನ ಬುಡಕ್ಕೆ ಹೋಗಿ, ಎಲೆಗೆ ಬೆನ್ನು ಹಾಕಿ, ತೋಟದ ಕಡೆ ಮುಖ ಮಾಡಿ ಕೂತಿತು. ದಿನವೂ ಅದು ಕೂರುತ್ತಿದ್ದದ್ದು ಹಾಗೆಯೇ. ಕಾಗೆ ಮರದಿಂದ ಇಳಿದು ಕಲ್ಲಿನ ಮೇಲೆ ಕೂತು, ಅತ್ತಿತ್ತ ನೋಡದೆ ಪಿಂಡಕ್ಕೆ ಕೊಕ್ಕು ಹಾಕಿತು.

ರಾಯರು ಉತ್ತರೀಯದಿಂದ ಕಣ್ಣೊರೆಸಿಕೊಂಡು, ಕೇಳಿದರು:

"ಭಟ್ಟರೇ, ಪಿಂಡದ ಮೇಲೆ ನಾಯಿಯ ಕಣ್ಣು ಬಿತ್ತಾ?"

"ಇಲ್ಲ," ಎಂದರು ಭಟ್ಟರು ಮೆಲ್ಲಗೆ. "ಬಿದ್ದದ್ದು ಬೆನ್ನು ಮಾತ್ರ."

ಊಟ ಬಡಿಸಿದಾಗ ರಾಯರು ಮೊದಲು ಮೇಸ್ತ್ರಿಗೆ ಎಲೆ ಹಾಕಿದರು. ಗೆದ್ದವರ ಹಾಗೆ ರಾಯರು ಎರಡು ಸಲ ಪಾಯಸ ಹಾಕಿಸಿಕೊಂಡರು.

ಕೈ ತೊಳೆದು ಬಂದ ಭಟ್ಟರು ಮೇಸ್ತ್ರಿಯ ತಲೆ ಸವರಿದರು. ನಾಳೆ ಬಾಳೂರಿನಲ್ಲಿ ಒಂದು ಶ್ರಾದ್ಧವಿದೆ, ಅಲ್ಲಿಯೂ ಮಂಗಗಳ ಕಾಟ, ಆ ಮನೆಯಲ್ಲಿ ಕಾಗೆ ಇಳಿಯದೆ ವರ್ಷಗಳೇ ಆದವು ಎಂದರು. ತನ್ನ ಮಾವನವರ ತಿಥಿಯೂ ಇದೇ ವಾರ ಎಂಬುದು ಸರಸ್ವತಮ್ಮನಿಗೆ ನೆನಪಾಯಿತು. ಯಶವಂತನ ಅಮ್ಮನದು ಅದರ ಮರುದಿನ. ರಾಯರು ಆಗುವುದಿಲ್ಲ ಎಂದರು, ಗಟ್ಟಿಯಾಗಿಯೇ ಎಂದರು.

"ನಿಮ್ಮ ಮನೆಯವರಿಗೆ ತೃಪ್ತಿ ಆಯ್ತು," ಎಂದರು ಭಟ್ಟರು. "ಬೇರೆಯವರ ಪಿತೃಗಳಿಗೆ ಹಸಿವು ಇಲ್ವಾ ರಾಯರೇ? ಭಾಗೀರಥಮ್ಮ ಇದ್ದಿದ್ರೆ ಇಲ್ಲ ಅಂತಿದ್ರಾ?"

ಭಾಗೀರಥಮ್ಮ ಜನ್ಮದಲ್ಲಿ ಯಾರಿಗೂ ಇಲ್ಲ ಎಂದವರಲ್ಲ. ರಾಯರು ಮೇಸ್ತ್ರಿಯ ಬೆನ್ನು ಸವರಿ ಬದಿಗೆ ಸರಿದರು. ಅಷ್ಟರಲ್ಲಿ ತಯ್ಯಬ್ ಜೀಪಿನ ಬಾಗಿಲು ತೆಗೆದ. ಮೇಸ್ತ್ರಿ ಮುಂದಿನ ಸೀಟಿನಲ್ಲಿ ಕೂತಿತು, ಭಟ್ಟರು ಹಿಂದೆ.

ಮರುದಿನ ಬೆಳಿಗ್ಗೆ ರಾಯರ ಅಂಗಾಲನ್ನು ಯಾರೂ ನೆಕ್ಕಲಿಲ್ಲ. ತಡವಾಗಿ ಎದ್ದು, ಕಲ್ಲಿನ ಮೇಲೆ ಕಾಗೆಗೆ ಒಂದು ಹಿಡಿ ಅನ್ನ ಇಟ್ಟರು. ಕಾಗೆ ಮರದ ತುದಿಯಲ್ಲಿ ಕಾಯುತ್ತಿತ್ತು. ಬೇಲಿಯ ಆಚೆ ಕಾಫಿ ಗಿಡಗಳು ಅಲುಗಿದವು. ರಾಯರು ಸ್ವಲ್ಪ ಹೊತ್ತು ನಿಂತು ನೋಡಿ, ಪಂಚೆ ಎತ್ತಿ ಕಟ್ಟಿ, ಕಲ್ಲಿನ ಬುಡದಲ್ಲಿ ಅನ್ನಕ್ಕೆ ಬೆನ್ನು ಹಾಕಿ ಕೂತರು.

ಬೇಲಿಯಾಚೆಯಿಂದ ಯಶವಂತ ಕೂಗಿ ಕೇಳಿದ, "ರಾಯರೇ, ನಾಯಿ ಬೊಗಳಿದ ಹಾಗಾಯ್ತು. ಮೇಸ್ತ್ರಿ ಇಷ್ಟು ಬೇಗ ಬಂತಾ?"

"ಬರಲಿಲ್ಲ," ಎಂದರು ರಾಯರು, ತೋಟದಿಂದ ಕಣ್ಣು ತೆಗೆಯದೆ. "ಅದು ನಾನು."