ಬೋಗಿ ಇಲ್ಲದ ಇಂಜಿನ್ನೂ ನನ್ನ ಮದುವೆ ಮಾತುಕತೆಯೂ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ತಮಾಷೆ ಹೇಳಲು ಬರುವುದಿಲ್ಲ. ನಗು ಬರುವ ಜಾಗಕ್ಕಿಂತ ಮುಂಚೆಯೇ ನಿಂತು ವಿವರಿಸತೊಡಗುತ್ತೇನೆ. ವಿವರಣೆ ಮುಗಿಯುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಆದರೆ ಬೋಗಿ ಇಲ್ಲದ ಇಂಜಿನ್ ಓಡಿಸುವವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ರೈಲು ಓಡಿಸುವವನು. ವಾಸ ಚಾಮರಾಜನಗರದಲ್ಲಿ. ಕೆಲವು ಸಲ ಬೋಗಿಗಳನ್ನು ಇಲ್ಲೇ ಬಿಟ್ಟು ಬರೀ ಇಂಜಿನ್ನನ್ನು ಮೈಸೂರಿಗೆ ಒಯ್ಯಬೇಕಾಗುತ್ತದೆ. ಆಗ ಮೆಲ್ಲಗೆ ಹೋಗಬೇಕೆಂದು ನಿಯಮ. ಯಾಕೆಂದರೆ (ಇದು ಮುಖ್ಯ, ದಯವಿಟ್ಟು ಬಿಡದೆ ಓದಿ) ಪ್ರತಿ ಬೋಗಿಗೂ ಅದರದೇ ಬ್ರೇಕ್ ಇರುತ್ತದೆ. ನಾನು ಬ್ರೇಕ್ ಹಾಕಿದರೆ ಎಲ್ಲ ಬೋಗಿಗಳ ಗಾಲಿಗಳೂ ಹಿಡಿಯುತ್ತವೆ. ಇಂಜಿನ್ ಒಂದೇ ಇದ್ದರೆ ಅಷ್ಟು ದೊಡ್ಡ ಭಾರವನ್ನು ಅದರ ಸ್ವಂತ ಗಾಲಿಗಳಷ್ಟೇ ಹಿಡಿದು ನಿಲ್ಲಿಸಬೇಕು. ನಿಲ್ಲಲು ಹೆಚ್ಚು ದೂರ ಬೇಕು.

ಇಷ್ಟೇ ವಿಷಯ. ಇಷ್ಟಕ್ಕೇ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು. ಹುಡುಗಿ ಗುಂಡ್ಲುಪೇಟೆಯವಳು, ಶಾಲೆಯಲ್ಲಿ ಟೀಚರ್. ಜಾತಕ ಕೂಡಿತ್ತು. ಫೋನಿನಲ್ಲಿ ಒಮ್ಮೆ ಮಾತಾಡಿದ್ದೆವು; ಅಂದಿನಿಂದ ನನಗೆ ಬೇರೆ ಹುಡುಗಿಯ ಫೋಟೋ ನೋಡುವುದೂ ಬೇಡವಾಗಿತ್ತು. ಒಪ್ಪಬೇಕಾಗಿದ್ದವರು ಅವಳ ತಂದೆ. ಅವರು ಊಟಿ ಘಾಟಿಯಲ್ಲಿ ಬಸ್ ಓಡಿಸುವವರು.

ಗೇಟಿನ ಹತ್ತಿರ

ಬದನಗುಪ್ಪೆ ದಾಟಿದ ಮೇಲೆ ಒಂದು ಗೇಟು. ಒಂದು ದಿನ ಅಲ್ಲಿ ಎರಡೂ ಕಡೆ ಜನ ಕಾದು ಕಾದು ಬೇಯುತ್ತಿದ್ದರು. ಬೈಕುಗಳು, ಟೊಮ್ಯಾಟೊ ತುಂಬಿದ ಆಟೋ, ಆಡುಗಳು. ಬರೀ ಇಂಜಿನ್ನಿನಲ್ಲಿ ನಾನು ಮೆಲ್ಲಗೆ ಬಂದೆ.

"ಇಷ್ಟೊತ್ತು ನಿಲ್ಸಿ ಬರೀ ತಲೆ ತಕ್ಕೊಂಡು ಬಂದಿದ್ದೀಯಲ್ಲಲಾ, ಮುಂಡ ಎಲ್ಲಿ ಬುಟ್ಟೆ?" ಎಂದು ಬೈಕಿನವನೊಬ್ಬ ಕೂಗಿದ.

ಆಟೋದಲ್ಲಿದ್ದ ಹೆಂಗಸು ಮರುಗಿದರು: "ಪಾಪ, ದಾರೀಲಿ ಕಳಚ್ಕೊಂಡವೆ ಅನ್ಸುತ್ತೆ. ಇಂದಕ್ಕೆ ತಿರುಗಿ ನೋಡಪ್ಪೋ!"

ನಾನು ಸುಮ್ಮನಿರಬೇಕಿತ್ತು. ತಲೆ ಹೊರಗೆ ಹಾಕಿ, "ಅಕ್ಕಾ, ಬೋಗಿ ಇಲ್ಲದಿದ್ರೆ ಬ್ರೇಕ್ ಕಮ್ಮಿ, ಹೇಗೆ ಅಂದ್ರೆ..." ಎಂದು ಶುರುಮಾಡಿದೆ. ಅಷ್ಟರಲ್ಲಿ ಗೇಟು ಹಿಂದೆ ಹೋಯಿತು.

ಆ ಗುಂಪಿನಲ್ಲಿ ಹುಡುಗಿಯ ಚಿಕ್ಕಪ್ಪನೂ ನಿಂತಿದ್ದರು. ಫೋಟೋ ನೋಡಿದ್ದರಿಂದ ನನ್ನ ಗುರುತು ಹಿಡಿದು ಆಗಲೇ ಗುಂಡ್ಲುಪೇಟೆಗೆ ಫೋನ್ ಮಾಡಿದರಂತೆ: "ಹುಡುಗ ಒಳ್ಳೇವ್ನೇ ಕಣಣ್ಣ. ಆದ್ರೆ ಬೋಗಿಗಳ್ನ ಎಲ್ಲೋ ಕಳ್ಕೊಂಡವ್ನೆ. ಕೇಳುದ್ರೆ ಬ್ರೇಕ್ ಇಲ್ಲ ಅಂತಾವ್ನೆ."

ಟೀ ಅಂಗಡಿಯಲ್ಲಿ

ಹುಡುಗಿಯ ತಂದೆ ವಿಚಾರಿಸಲು ತಾವೇ ಬಂದರು. ಯಾರ ಬಗ್ಗೆ ತಿಳಿಯಬೇಕಾದರೂ ಎಲ್ಲರೂ ಮೊದಲು ಹೋಗುವುದು ಟೀ ಅಂಗಡಿಗೆ. ಸ್ಟೇಷನ್ ಎದುರಿನ ಟೀ ಅಂಗಡಿಯ ಭಾಯಿಗೆ ನನ್ನ ಮೇಲೆ ಬಹಳ ಪ್ರೀತಿ. ನಡೆದದ್ದನ್ನು ಆಮೇಲೆ ಅವರೇ ನನಗೆ ಹೆಮ್ಮೆಯಿಂದ ಹೇಳಿದರು.

"ಹುಡುಗ ಹೆಂಗೆ?"

"ಬಹುತ್ ಅಚ್ಛಾ ಸಾರ್. ಕುಡಿಯಲ್ಲ, ಸೇದಲ್ಲ. ಬರೀ ಇಂಜಿನ್ ಓಡಿಸೋಕೆ ಮಾತ್ರ ತುಂಬಾ ಹೆದರ್ತಾರೆ."

"ಯಾಕೆ?"

"ನಿಲ್ಲಲ್ವಂತೆ ಸಾರ್. ನನ್ಹತ್ರ ದಿನಾ ಹೇಳ್ತಾರೆ. ಟೀ ಆರೋಗೋವರ್ಗೂ ಹೇಳ್ತಾರೆ."

ಬಸ್ಸಿನವರಿಗೆ ಸಿಟ್ಟು ಬಂತು. "ನಾನು ಘಾಟಿಲಿ ಗಾಡಿ ಇಳಿಸೋನು ಕಣ್ರೀ. ಖಾಲಿ ಬಸ್ಸು ಅಂದ್ರೆ ಕಾಲಿಟ್ಟ ಕಡೆ ನಿಲ್ತದೆ. ಖಾಲಿ ಗಾಡಿ ನಿಲ್ಸಕ್ಕಾಗದೆ ಇರೋ ಡ್ರೈವರ್‌ಗೆ ಮಗಳ್ನ ಕೊಡ್ಲಾ?"

ಭಾಯಿ ಸಮಾಧಾನ ಹೇಳಿದರಂತೆ: "ಕೊಡಿ ಸಾರ್. ಹಿಂದೆ ಬೋಗಿ ಇದ್ದಾಗ ಚೆನ್ನಾಗೇ ಓಡಿಸ್ತಾರೆ."

ಗುಂಡ್ಲುಪೇಟೆಯ ಮನೆಯ ಹಾಲ್‌ನಲ್ಲಿ

ಮಗಳು ಹಟ ಹಿಡಿದಿದ್ದರಿಂದ, ಒಮ್ಮೆ ಬಂದು ಹೋಗಲಿ ಎಂದರು. ನಾನು ಅಪ್ಪ ಅಮ್ಮನ ಜೊತೆ ಹೋದೆ. ಹೊಸ ಪ್ಯಾಂಟು, ಹೊಸ ಕಾಲುಚೀಲ.

ಕೂತ ಕೂಡಲೇ ಅವಳ ತಂದೆ, "ನೋಡಪ್ಪ, ಖಾಲಿ ಗಾಡಿ ಯಾಕೆ ನಿಲ್ಲಲ್ಲ?" ಎಂದರು. ಸಾರ್ ಅನ್ನಬೇಕೋ ಮಾವ ಅನ್ನಬೇಕೋ ತಿಳಿಯದೆ ಏನೂ ಅನ್ನದೆ ವಿವರಿಸತೊಡಗಿದೆ. ಚಿಕ್ಕಪ್ಪ ಆಕಳಿಸಿದರು. ನಮ್ಮಪ್ಪ ನನ್ನ ತೊಡೆ ಚಿವುಟಿದರು. ಹುಡುಗಿ ಕಾಫಿ ತಟ್ಟೆ ಕೆಳಗಿಟ್ಟು, "ಬಾಯಲ್ಲಿ ಹೇಳುದ್ರೆ ಅಪ್ಪಂಗೆ ಅರ್ಥ ಆಗಲ್ಲ. ಮಾಡಿ ತೋರ್ಸಿ. ಸ್ಕೂಲಲ್ಲಿ ಮಕ್ಕಳಿಗೆ ನಾನು ಹಂಗೇ ಹೇಳ್ಕೊಡೋದು" ಎಂದಳು.

ನಾನು ಇಂಜಿನ್. ನನ್ನ ಸೊಂಟ ಹಿಡಿದು ಅವಳ ತಂದೆ, ಅವರ ಹಿಂದೆ ಚಿಕ್ಕಪ್ಪ, ಕೊನೆಗೆ ಅವಳ ಸೋದರಮಾವ. "ನಾನು ಬ್ರೇಕ್ ಅಂದ ತಕ್ಷಣ ಎಲ್ರೂ ಕಾಲೂರಿ" ಎಂದೆ. ಬಾಗಿಲಿನಿಂದ ಓಡಿದೆವು. "ಬ್ರೇಕ್!" ಎಲ್ಲರೂ ಕಾಲೂರಿದರು. ಹಾಲ್‌ನ ಮಧ್ಯಕ್ಕೇ ನಿಂತೆವು.

"ಊಂ, ನಿಂತ್ಕತು," ಎಂದರು ಅವಳ ತಂದೆ. ಮುಖ ಸ್ವಲ್ಪ ಸಡಿಲವಾಗಿತ್ತು.

"ಈಗ ಬೋಗಿ ಬಿಚ್ಚಿ," ಎಂದೆ.

ಅದೇ ವೇಗದಲ್ಲಿ ಒಬ್ಬನೇ ಓಡಿದೆ. ನೆಂಟರು ಬರುತ್ತಾರೆಂದು ಕೆಂಪು ನೆಲವನ್ನು ಮುಖ ಕಾಣುವ ಹಾಗೆ ಒರೆಸಿದ್ದರು. "ಬ್ರೇಕ್!" ಎಂದು ನಾನೇ ಕೂಗಿ ನಾನೇ ಕಾಲೂರಿದೆ. ಕಾಲು ಊರಿದ್ದು ನಿಜ. ನಾನು ಮಾತ್ರ ಮುಂದೆ ಹೋಗುತ್ತಲೇ ಇದ್ದೆ. ಹಾಲ್ ಮುಗಿಯಿತು. ನಡುಮನೆ ಬಂತು, ಹೋಯಿತು. ಅಡುಗೆಮನೆ ಬಾಗಿಲಲ್ಲಿ ಇಣುಕುತ್ತಿದ್ದ ಹೆಂಗಸರು "ಅಯ್ಯಯ್ಯೋ" ಎಂದು ಎರಡು ಪಾಲಾಗಿ ದಾರಿ ಬಿಟ್ಟರು. ಕೊನೆಗೆ ಅಕ್ಕಿ ಡ್ರಮ್ಮನ್ನು ತಬ್ಬಿಕೊಂಡು ನಿಂತೆ.

ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಹಾಲ್‌ನಿಂದ ಅವಳ ತಂದೆಯ ದನಿ ಕೇಳಿಸಿತು: "ಲೇ, ಹುಡುಗ ಹೇಳಿದ್ದು ದಿಟ ಕಣ್ಲಾ! ನಿಲ್ಲೋದೇ ಇಲ್ಲ! ಇದು ಗೊತ್ತಿದ್ದೂ ಮೆಲ್ಗೆ ಓಡಿಸ್ತಾವ್ನೆ ಅಂದ್ರೆ ಜವಾಬ್ದಾರಿ ಇರೋನು. ದಿನ ನೋಡ್ಸನ ನಡೀರಿ."

ಹುಡುಗಿ ಬಾಗಿಲ ಹತ್ತಿರ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು, ಓದುವವರು ತಪ್ಪು ತಿಳಿಯಬಾರದು. ಅದು ಪೂರ್ತಿ ಸರಿಯಾದ ಪ್ರಯೋಗವಲ್ಲ. ಅವರೆಲ್ಲ ಬರಿಗಾಲಲ್ಲಿದ್ದರು, ನಾನು ಕಾಲುಚೀಲದಲ್ಲಿದ್ದೆ. ಮಾವನ ಮುಂದೆ ಈ ವಿಷಯ ಎತ್ತಿದಾಗಲೆಲ್ಲ ಅವರು ಎದ್ದು ಹೋಗುತ್ತಾರೆ. ನಿಜವಾದ ಇಂಜಿನ್ನಿನಲ್ಲಿ ಗಾಲಿಗೂ ಹಳಿಗೂ ನಡುವೆ ಇರುವ ಹಿಡಿತವೇ ಬೇರೆ. ಹಿಡಿತ ಎಂದರೆ ಏನೆಂದರೆ, ಗಾಲಿಯ ಮೇಲೆ ಭಾರ ಬಿದ್ದಾಗ...

"ರೀ, ಬರ್ದಿದ್ದು ಸಾಕು ಬನ್ನಿ, ಅಪ್ಪ ಬಂದವ್ರೆ! ನೆಲ ಈಗಷ್ಟೇ ಒರೆಸಿದ್ದೀನಿ, ಕಾಲುಚೀಲ ಬಿಚ್ಚಿಟ್ಟು ಬನ್ನಿ!"